ಹೆಡರ್ ಫೈಲ್ ಒಂದೇ ಅಲ್ವಾ ಅಂತ ಉದಾಸೀನ ಮಾಡಬೇಡಿ

ಬಿಐಇಟಿ, ಯುಬಿಡಿಟಿಯಲ್ಲಿ ಓದುವ ಮಕ್ಕಳೇ, ಹರಿಹರದಿಂದ ದಿನಾ ಬಸ್ ಹಿಡಿದು ದಾವಣಗೆರೆಗೆ ಬರುವವರೇ, ಸ್ವಲ್ಪ ಇಲ್ಲಿ ಕೇಳಿ. ಪ್ರಾಜೆಕ್ಟಿಗೆ ಅಂತ ಸಿ ಪ್ಲಸ್ ಪ್ಲಸ್‌ನಲ್ಲಿ ಲೈಬ್ರರಿ ಬರೀತೀರಿ, ಒಳ್ಳೇದು. ಆದರೆ "ಇದು ಹೆಡರ್ ಓನ್ಲಿ ಆಂಟಿ, ಬಿಲ್ಡ್ ಮಾಡೋದೇ ಬೇಡ" ಅಂತೀರಲ್ಲ, ಅಲ್ಲೇ ಎಡವೋದು. ನಿಮ್ಮ ಲ್ಯಾಪ್‌ಟಾಪಲ್ಲಿ ಬಿಲ್ಡ್ ಆಗದಿದ್ದರೇನಂತೆ, ಅದನ್ನು ಬಳಸುವ ಪ್ರತಿಯೊಬ್ಬರ ಮಷೀನಲ್ಲೂ, ಅವರವರ ಕಂಪೈಲರ್‌ನಲ್ಲಿ, ಅದು ಹೊಸದಾಗಿ ಕಂಪೈಲ್ ಆಗಲೇಬೇಕು. ಹಾಗಾಗಿ ಮಾಮೂಲಿ ಲೈಬ್ರರಿಗಿಂತ ಇದಕ್ಕೇ ಎಚ್ಚರ ಜಾಸ್ತಿ ಬೇಕು.

• ಸಿಮೇಕ್‌ನಲ್ಲಿ ಅದನ್ನು ಇಂಟರ್‌ಫೇಸ್ ಲೈಬ್ರರಿ ಅಂತಲೇ ಬರೆಯಿರಿ. ಹೆಡರ್ ಎಲ್ಲಿದೆ, ಸಿ ಪ್ಲಸ್ ಪ್ಲಸ್ 17 ಬೇಕೋ 20 ಬೇಕೋ ಅನ್ನೋದನ್ನೂ ಅದಕ್ಕೇ ಕಟ್ಟಿಬಿಡಿ. ಬಳಸುವವರು ಯಾವ ಫ್ಲ್ಯಾಗೂ ನೆನಪಿಟ್ಟುಕೊಳ್ಳಬೇಕಾಗಿಲ್ಲ.

• ಹೆಡರ್‌ಗಳನ್ನು ಲೈಬ್ರರಿ ಹೆಸರಿನ ಫೋಲ್ಡರ್ ಒಳಗೇ ಇಡಿ. ಬರೀ "ಯುಟಿಲ್ಸ್" ಅಂತ ಹೆಸರಿಟ್ಟ ಫೈಲ್ ಊರಲ್ಲಿ ಎಲ್ಲರ ಹತ್ತಿರವೂ ಇರುತ್ತೆ, ಯಾರದ್ದು ಸಿಕ್ಕಿತು ಅಂತ ಹುಡುಕುತ್ತಾ ಒಂದು ಸಂಜೆ ಹೋಗುತ್ತೆ.

• ಕ್ಲಾಸಿನ ಹೊರಗೆ ಬರೆದ ಫಂಕ್ಷನ್‌ಗೆ ಇನ್‌ಲೈನ್ ಹಾಕುವುದನ್ನು ಮರೆಯಬೇಡಿ. ಟೆಂಪ್ಲೇಟ್‌ಗೆ ಬೇಡ, ಕ್ಲಾಸಿನ ಒಳಗೇ ಬರೆದದ್ದಕ್ಕೂ ಬೇಡ. ಆದರೆ ಟೆಂಪ್ಲೇಟನ್ನು ಒಂದು ಟೈಪಿಗೆ ಅಂತ ಪೂರ್ತಿ ಸ್ಪೆಷಲೈಸ್ ಮಾಡಿದರೆ ಅಲ್ಲಿ ಮತ್ತೆ ಬೇಕು. ಇಲ್ಲೇ ಎಲ್ಲರೂ ಜಾರುವುದು. ಪ್ರಾಗ್ಮಾ ಒನ್ಸ್ ಹಾಕಿದ್ದೀನಿ ಅಂತ ಸಮಾಧಾನ ಪಡಬೇಡಿ, ಅದು ಒಂದೇ ಸಿಪಿಪಿ ಫೈಲ್ ಒಳಗೆ ಎರಡು ಸಲ ಬರುವುದನ್ನು ತಡೆಯುತ್ತೆ, ಅಷ್ಟೆ. ಟೆಸ್ಟಿನಲ್ಲಿ ಎರಡು ಸಿಪಿಪಿ ಫೈಲ್ ಇಟ್ಟು, ಎರಡರಲ್ಲೂ ಹೆಡರ್ ಸೇರಿಸಿ, ಒಂದೇ ಪ್ರೋಗ್ರಾಮಾಗಿ ಲಿಂಕ್ ಮಾಡಿ. ತಪ್ಪಿದ್ದರೆ "ಮಲ್ಟಿಪಲ್ ಡೆಫಿನಿಷನ್" ಅಂತ ಅಲ್ಲೇ ಬಾಯಿಬಿಡುತ್ತೆ. ಒಂದೇ ಫೈಲ್ ಇಟ್ಟು ಟೆಸ್ಟ್ ಮಾಡಿದರೆ ಜನ್ಮದಲ್ಲಿ ಗೊತ್ತಾಗೋದಿಲ್ಲ.

• ಪ್ರತಿಯೊಂದು ಹೆಡರನ್ನೂ ಒಂಟಿಯಾಗಿ ಕಂಪೈಲ್ ಮಾಡಿ ನೋಡಿ. ಪಕ್ಕದ ಹೆಡರ್ ಎಳೆದು ತಂದಿದ್ದನ್ನು ನಂಬಿ ಕೂತರೆ ಒಂದಿನ ಕೈಕೊಡುತ್ತೆ. ಜಿಸಿಸಿ 13 ಬಂದಾಗ ಆಗಿದ್ದು ಇದೇ: ಅದರ ಎಷ್ಟೋ ಹೆಡರ್‌ಗಳು ಸಿಎಸ್‌ಟಿಡಿಇಂಟ್ ಅನ್ನು ತಾವಾಗಿ ತರುವುದನ್ನು ನಿಲ್ಲಿಸಿದವು, ಬೇಕಾದ್ದನ್ನು ತಾವೇ ಸೇರಿಸಿಕೊಳ್ಳದ ಪ್ರಾಜೆಕ್ಟ್‌ಗಳೆಲ್ಲ ಮುರಿದುಬಿದ್ದವು.

• ವಿಂಡೋಸ್‌ನ ಮಿನ್, ಮ್ಯಾಕ್ಸ್ ಮ್ಯಾಕ್ರೋ ಮೇಲೆ ಒಂದು ಕಣ್ಣಿಡಿ. ವಿಂಡೋಸ್ ಹೆಡರ್ ಮೊದಲು ಬಂದರೆ ನಿಮ್ಮ ಎಸ್‌ಟಿಡಿ ಮಿನ್ ಹಾಳಾಗುತ್ತೆ. ಆ ಹೆಸರಿನ ಸುತ್ತ ಒಂದು ಜೊತೆ ಕಂಸ ಹಾಕಿ, ಸಾಕು. ಅದು ಬಿಟ್ಟು ನಿಮ್ಮ ಹೆಡರಲ್ಲೇ ನೋಮಿನ್‌ಮ್ಯಾಕ್ಸ್ ಅಂತ ಬರೆದು ಬೇರೆಯವರ ಪ್ರೋಗ್ರಾಮಿಗೆಲ್ಲ ನಿಮ್ಮ ನಿಯಮ ಹೇರಬೇಡಿ.

• ಫೈಲ್ ಹೆಸರೆಲ್ಲ ಸಣ್ಣಕ್ಷರದಲ್ಲೇ ಇಡಿ. ದೊಡ್ಡಕ್ಷರ ಸಣ್ಣಕ್ಷರ ಬೆರೆತರೂ ವಿಂಡೋಸ್ ಸುಮ್ಮನಿರುತ್ತೆ, ಲಿನಕ್ಸ್ ಬಿಡೋದಿಲ್ಲ.

• ಲಾಂಗ್ ಅನ್ನೋ ಟೈಪನ್ನು ಬಳಸಲೇಬೇಡಿ. 64 ಬಿಟ್ ಲಿನಕ್ಸ್‌ನಲ್ಲಿ ಅದು 64 ಬಿಟ್, 64 ಬಿಟ್ ವಿಂಡೋಸ್‌ನಲ್ಲಿ 32.

• ಕನ್ನಡ ಪಠ್ಯ ಹಾಕಿ ಟೆಸ್ಟ್ ಮಾಡಿ. ಇಂಗ್ಲಿಷಿನಲ್ಲಿ ಮಾತ್ರ ಪಾಸಾಗುವ ಲೈಬ್ರರಿ ನಮ್ಮ ಊರಿನ ಮಕ್ಕಳು ಬರೆದದ್ದಾಗಿ ಏನು ಬಂತು? "ದಾವಣಗೆರೆ" ಅಂತ ಬರೆಯಿರಿ. ಕಣ್ಣಿಗೆ ಕಾಣುವುದು ಐದು ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ 8 ಸಂಕೇತ, ಯುಟಿಎಫ್-8ರಲ್ಲಿ 24 ಬೈಟ್. ಅದನ್ನೇ ವೈಡ್ ಕ್ಯಾರೆಕ್ಟರ್‌ನಲ್ಲಿ ಇಟ್ಟರೆ ವಿಂಡೋಸ್‌ನಲ್ಲಿ 16 ಬೈಟ್, ಲಿನಕ್ಸ್‌ನಲ್ಲಿ 32. ಆಮೇಲೆ "ಕೊಂಡಜ್ಜಿ" ಅಂತಲೂ ಒಂದು ಟೆಸ್ಟ್ ಬರೆಯಿರಿ. ಆ "ಕೊ"ದ ಒತ್ವ ಒಂದೇ ಸಂಕೇತವಾಗಿಯೂ ಬರಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಎರಡು ಸಂಕೇತ ಕೂಡಿಯೂ ಬರಬಹುದು. ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಹೋಲಿಸಿದರೆ ಬೇರೆ ಬೇರೆ. ವಿಷುವಲ್ ಸ್ಟುಡಿಯೋದಲ್ಲಿ ಯುಟಿಎಫ್-8 ಫ್ಲ್ಯಾಗ್ ಹಾಕಿ, ಇಲ್ಲದಿದ್ದರೆ ಕನ್ನಡ ಕೆಟ್ಟುಹೋಗಿ ಬರಬಹುದು.

• ಟೆಸ್ಟಿಗೆ ಬರೀ ಅಸರ್ಟ್ ನಂಬಬೇಡಿ. ಸಿಮೇಕ್‌ನ ರಿಲೀಸ್ ಬಿಲ್ಡಿನಲ್ಲಿ ಅಸರ್ಟ್ ಮಾಯವಾಗುತ್ತೆ, ಟೆಸ್ಟ್ ಏನನ್ನೂ ನೋಡದೆ ಪಾಸ್ ಅನ್ನುತ್ತೆ. ಡಾಕ್‌ಟೆಸ್ಟ್ ಹಾಕಿಕೊಳ್ಳಿ, ಒಂದೇ ಹೆಡರ್, ಪ್ರಾಜೆಕ್ಟ್ ಜೊತೆಗೇ ಇಟ್ಟುಕೊಳ್ಳಬಹುದು. ಬಿಲ್ಡ್ ಫೋಲ್ಡರ್ ಅಳಿಸಿದಾಗಲೆಲ್ಲ ಮತ್ತೆ ಡೌನ್‌ಲೋಡ್ ಆಗೋದಿಲ್ಲ, ಮೊಬೈಲ್ ಡೇಟಾ ಉಳಿಯುತ್ತೆ. ಅಪ್ಪ ಅಮ್ಮ ರೀಚಾರ್ಜ್ ಮಾಡಿಸಿದ್ದು ಅದಕ್ಕಲ್ಲ.

• ಸಿಟೆಸ್ಟ್‌ಗೆ ಒಂದೂ ಟೆಸ್ಟ್ ಸಿಗದಿದ್ದರೂ ಅದು ಫೇಲ್ ಅನ್ನೋದಿಲ್ಲ, ಒಂದು ಸಾಲು ಬರೆದು ಸುಮ್ಮನಾಗುತ್ತೆ. ಟೆಸ್ಟ್ ಇಲ್ಲದಿದ್ದರೆ ಎರರ್ ಕೊಡು ಅನ್ನುವ ಆಯ್ಕೆ ಇದೆ, ಹಾಕಿ. ವಿಷುವಲ್ ಸ್ಟುಡಿಯೋದಲ್ಲಿ ಡೀಬಗ್ಗೋ ರಿಲೀಸೋ ಅಂತ ಬಿಲ್ಡಿಗೂ ಹೇಳಿ, ಟೆಸ್ಟಿಗೂ ಹೇಳಿ.

• ಇನ್‌ಸ್ಟಾಲ್ ಮಾಡಿದ್ದನ್ನು ಬೇರೆ ಕಡೆಯಿಂದ ಬಳಸಿ ನೋಡಿ. ಇದೊಂದನ್ನು ಕೈಮುಗಿದು ಕೇಳ್ತೀನಿ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ಮಾಡಿದವರ ಮೊಮ್ಮಕ್ಕಳು ನಿಮ್ಮಲ್ಲೇ ಇದ್ದೀರಿ. ಮನೆಯಲ್ಲಿ ಹಿರಿಯರಿದ್ದರೆ ಕೇಳಿ, ಗೇಜ್ ಹಿಡಿದು ನೋಡದ ಪಾರ್ಟನ್ನು ಯಾರಾದರೂ ಮುಂದಕ್ಕೆ ಕಳಿಸ್ತಾರಾ ಅಂತ. ನಿಮ್ಮ ಗೇಜ್ ಅಂದರೆ ಒಂದು ಪುಟ್ಟ ಬೇರೆ ಪ್ರಾಜೆಕ್ಟ್. ಸೋರ್ಸ್ ಫೋಲ್ಡರಿನ ಹೊರಗೆ ಇಡಿ, ಫೈಂಡ್ ಪ್ಯಾಕೇಜ್ ಅಂತ ನಿಮ್ಮ ಲೈಬ್ರರಿ ಕರೆಯಿರಿ, ಬಿಲ್ಡ್ ಮಾಡಿ, ಓಡಿಸಿ. ಬಿಲ್ಡ್ ಮಾಡುವ ಮುಂಚೆ ಮೂಲ ಫೋಲ್ಡರಿನ ಹೆಸರು ಬದಲಾಯಿಸಿ. ಒಂದು ಹೆಡರ್ ಇನ್‌ಸ್ಟಾಲ್ ಆಗದೆ ಉಳಿದಿದ್ದರೆ ಆಗಲೇ ಸಿಕ್ಕಿಬೀಳುತ್ತೆ.

• ಹೆಡರ್ ದಾರಿಯನ್ನು ಬಿಲ್ಡಿಗೆ ಬೇರೆ, ಇನ್‌ಸ್ಟಾಲಿಗೆ ಬೇರೆ ಅಂತ ಕೊಡಿ. ನಿಮ್ಮ ಡಿ ಡ್ರೈವಿನ ವಿಳಾಸ ಬೇರೆಯವರ ಮಷೀನಲ್ಲಿ ಇರೋದಿಲ್ಲ. ಹೆಸರಿನ ಮಧ್ಯೆ ಜಾಗ ಬಿಟ್ಟ ಫೋಲ್ಡರಿನಲ್ಲೂ ಒಂದು ಸಲ ಬಿಲ್ಡ್ ಮಾಡಿ, "ನ್ಯೂ ಫೋಲ್ಡರ್" ಇಲ್ಲದ ಲ್ಯಾಪ್‌ಟಾಪ್ ಎಲ್ಲಿದೆ ಹೇಳಿ.

• ಕಾಲೇಜು ಲ್ಯಾಬಿನ ಮಷೀನಲ್ಲಿ ಸುಡೋ ಹಾಕಿ ಇನ್‌ಸ್ಟಾಲ್ ಮಾಡಬೇಡಿ. ನಿಮ್ಮ ಹೋಮ್ ಫೋಲ್ಡರನ್ನೇ ಪ್ರಿಫಿಕ್ಸ್ ಆಗಿ ಕೊಡಿ. ಸಿಮೇಕ್‌ನಲ್ಲಿ ತಾನಾಗಿ ಬರುವ ಅನ್‌ಇನ್‌ಸ್ಟಾಲ್ ಇಲ್ಲ, ಏನೇನು ಹಾಕಿತು ಅಂತ ಇನ್‌ಸ್ಟಾಲ್ ಮ್ಯಾನಿಫೆಸ್ಟ್ ಫೈಲಲ್ಲಿ ಮಾತ್ರ ಬರೆದಿಡುತ್ತೆ. ಅದನ್ನು ಜೋಪಾನ ಮಾಡಿ.

• ವರ್ಷನ್ ಫೈಲಿಗೆ ಆರ್ಕ್ ಇಂಡಿಪೆಂಡೆಂಟ್ ಅಂತ ಬರೆಯಿರಿ, ಸಿಮೇಕ್ 3.14ರಿಂದ ಇದೆ. ಇಲ್ಲದಿದ್ದರೆ 64 ಬಿಟ್‌ನಲ್ಲಿ ಇನ್‌ಸ್ಟಾಲ್ ಮಾಡಿದ ಹೆಡರನ್ನು 32 ಬಿಟ್ ಬಿಲ್ಡ್ ಬೇಡ ಅನ್ನುತ್ತೆ, ಸುಮ್ಮಸುಮ್ಮನೆ.

• ಹೆಡರ್ ದಪ್ಪ ಆಗಲು ಬಿಡಬೇಡಿ. ಅದನ್ನು ಸೇರಿಸಿದ ಪ್ರತಿ ಫೈಲೂ ಪೂರ್ತಿ ಓದಬೇಕು, ನಾಲ್ಕು ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್ ಏದುಸಿರು ಬಿಡುತ್ತೆ. ಒಂದೇ ಹೆಡರ್ ಅಂತ ಹೆಸರಾಗಿದ್ದ ಟೆಸ್ಟ್ ಲೈಬ್ರರಿ ಕ್ಯಾಚ್-2 ಕೂಡ 2022ರಲ್ಲಿ ಮೂರನೇ ವರ್ಷನ್‌ಗೆ ಬಂದಾಗ ಆ ಪದ್ಧತಿ ಬಿಟ್ಟು ಮಾಮೂಲಿ ಲೈಬ್ರರಿ ಆಯಿತು. ನಿಮಗೂ ಆ ಕಾಲ ಬಂದರೆ ಹಟ ಮಾಡಬೇಡಿ.

• ಮ್ಯಾಕ್ ಇಲ್ಲ ಅಂತ ಕೈಚೆಲ್ಲಬೇಡಿ. ಗಿಟ್‌ಹಬ್‌ನಲ್ಲಿ ಎಲ್ಲರಿಗೂ ತೆರೆದಿಟ್ಟ ಪ್ರಾಜೆಕ್ಟಿಗೆ ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಪುಕ್ಕಟೆ ಬಿಲ್ಡ್ ಆಗುತ್ತೆ. ಆ ಪುಟ್ಟ ಬೇರೆ ಪ್ರಾಜೆಕ್ಟನ್ನೂ ಅಲ್ಲೇ ಓಡಿಸಿ.

• ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಗೊತ್ತಲ್ಲ. ಬಿಲ್ಡ್ ಶುರು ಮಾಡುವ ಮುಂಚೆ ಕಮಿಟ್ ಮಾಡಿ, ಪುಶ್ ಮಾಡಿ. ಬಸ್ಸಲ್ಲಿ ಪೆನ್‌ಡ್ರೈವ್ ಕಳೆದರೂ ಕೆಲಸ ಕಳೆಯೋದಿಲ್ಲ.

• ಯಾವ ಕಂಪೈಲರ್, ಯಾವ ವರ್ಷನ್, ಯಾವ ಸಿಸ್ಟಂನಲ್ಲಿ ಟೆಸ್ಟ್ ಮಾಡಿದಿರಿ ಅಂತ ರೀಡ್‌ಮಿಯಲ್ಲಿ ಬರೆಯಿರಿ. ನೋಡದೇ ಇರುವುದನ್ನು "ಎಲ್ಲಾ ಕಡೆ ನಡೆಯುತ್ತೆ" ಅಂತ ಬರೆಯಬೇಡಿ. ಲೈಸೆನ್ಸ್ ಫೈಲ್ ಸೇರಿಸಿ, ಮೂರು ಸಿಸ್ಟಂನಲ್ಲೂ ಹಸಿರು ಬಂದ ಮೇಲೆ ರಿಲೀಸ್ ಟ್ಯಾಗ್ ಹಾಕಿ. ಅಲ್ಲಿಯವರೆಗೆ ಯಾರಿಗೂ ಲಿಂಕ್ ಕಳಿಸಬೇಡ್ರಪ್ಪಾ.