ಗುರಿಯ ಅಭ್ಯಾಸಕ್ಕೆ ಎಂಥ ರೈಫಲ್ಲು?

ಬೆಂಗಳೂರಿನ ಬಿನ್ನಿಪೇಟೆಯ ವಿದ್ಯಾರ್ಥಿಯೊಬ್ಬನು ಕಾಲೇಜಿನಲ್ಲಿ ಎನ್.ಸಿ.ಸಿ. ಸೇರಿದನೆನ್ನೋಣ. ೧೯೪೮ರಲ್ಲಿ ಸ್ಥಾಪಿತವಾದ ಈ ದಳದಲ್ಲಿ ಗುರಿಯ ಪಾಠಕ್ಕಾಗಿ ಬಹುಕಾಲದಿಂದ ಬಳಕೆಯಲ್ಲಿರುವುದು ೦.೨೨ ಅಂಗುಲದ ರೈಫಲ್ಲು. ಸೈನ್ಯದ ದೊಡ್ಡ ರೈಫಲ್ಲನ್ನು ಬಿಟ್ಟು ಈ ಚಿಕ್ಕದನ್ನು ಏಕೆ ಆರಿಸಿದರು? ಅಗ್ಗವೆಂಬುದು ಒಂದು ಉತ್ತರ. ಅದು ಅಗ್ಗವಾದುದು ಹೇಗೆ, ಚಿಕ್ಕದೆಂದ ಮಾತ್ರಕ್ಕೆ ನಿರಪಾಯಕರವೇ ಎಂಬುದನ್ನು ವಿಚಾರಿಸೋಣ.

ದೊಡ್ಡ ತೋಟಾದ ಬುಡದ ನಡುವೆ ಸಿಡಿಮದ್ದಿನ ಪುಟ್ಟ ಬಟ್ಟಲೊಂದನ್ನು ಪ್ರತ್ಯೇಕವಾಗಿ ಕೂರಿಸಿರುತ್ತಾರೆ. ೦.೨೨ರ ತೋಟಾದಲ್ಲಿ ಹಾಗಲ್ಲ. ತೆಳುವಾದ ಹಿತ್ತಾಳೆಯ ಕೋಶದ ಬುಡವನ್ನು ಮಡಿಚಿ ಅಂಚು ಮಾಡಿ, ಆ ಅಂಚಿನೊಳಗೇ ಸಿಡಿಮದ್ದನ್ನು ತುಂಬಿರುತ್ತಾರೆ. ರೈಫಲ್ಲಿನ ಮೊಳೆ ಅಂಚನ್ನು ಜಜ್ಜಿದೊಡನೆ ಮದ್ದು ಹೊತ್ತಿಕೊಳ್ಳುತ್ತದೆ. ‘ರಿಮ್‌ಫೈರ್’ ಎಂಬ ಹೆಸರು ಬಂದುದು ಇದರಿಂದಲೇ. ಫ್ರಾನ್ಸಿನ ಫ್ಲೋಬೇರನು ೧೮೪೫ರಲ್ಲಿ ರೂಪಿಸಿದ ಈ ಉಪಾಯದಿಂದ ಬೆಳೆದ ‘ಲಾಂಗ್ ರೈಫಲ್’ ತೋಟಾ ೧೮೮೭ರಿಂದ ಬಳಕೆಯಲ್ಲಿದೆ. ಬಿಡಿಭಾಗಗಳು ಕಡಮೆ, ಲೋಹ ಕಡಮೆ, ಮದ್ದೂ ಕಡಮೆ. ಆದುದರಿಂದ ಬೆಲೆಯೂ ಕಡಮೆ. ಜಜ್ಜಿದರೆ ಬಗ್ಗುವಷ್ಟು ತೆಳುವಾಗಿರಬೇಕಾದ ಕೋಶವು ಹೆಚ್ಚಿನ ಒತ್ತಡವನ್ನು ತಾಳಲಾರದು. ಇದರ ಶಕ್ತಿಗೆ ಮಿತಿಯುಂಟಾದುದೂ ಅದರಿಂದಲೇ.

ಆ ಮಿತಿಯನ್ನು ಲೆಕ್ಕದಿಂದ ತಿಳಿಯಬಹುದು. ೦.೨೨ರ ಗುಂಡಿನ ತೂಕ ಸುಮಾರು ೨.೬ ಗ್ರಾಂ, ವೇಗ ಸೆಕೆಂಡಿಗೆ ಸುಮಾರು ೩೩೦ ಮೀಟರು. ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಚಲನಶಕ್ತಿ ಸುಮಾರು ೧೪೦ ಜೂಲ್. ಹಳೆಯ ೦.೩೦೩ ಸೈನಿಕ ರೈಫಲ್ಲಿನ ಗುಂಡಿಗೆ ಸುಮಾರು ೩೧೦೦ ಜೂಲ್. ಆದುದರಿಂದ ಚಿಕ್ಕ ರೈಫಲ್ಲು ಭುಜವನ್ನು ಒದೆಯುವುದಿಲ್ಲ, ಕಿವಿಗೆ ಅಷ್ಟು ಬಡಿಯುವುದೂ ಇಲ್ಲ. ಒದೆತಕ್ಕೆ ಅಂಜದ ಹೊಸಬನು ಉಸಿರನ್ನೂ ಬೆರಳನ್ನೂ ಹತೋಟಿಗೆ ತರುವುದನ್ನು ಬೇಗ ಕಲಿಯುತ್ತಾನೆ.

ಹಾಗಾದರೆ ಆರಿಸುವುದು ಹೇಗೆ? ಒಂದೊಂದೇ ತೋಟಾ ಹಾಕಿ ಬೋಲ್ಟಿನಿಂದ ಮುಚ್ಚುವ ರೈಫಲ್ಲು ಹೊಸಬನಿಗೆ ಮೇಲು. ಅದು ಸರಳ, ಅವಸರಕ್ಕೆ ಎಡೆಗೊಡದು, ತೋಟಾವನ್ನೂ ಉಳಿಸುತ್ತದೆ. ಹಿಡಿಯ ಉದ್ದ ತೋಳಿಗೆ ಹೊಂದಬೇಕು. ಕುದುರೆಯು ಜಗ್ಗದೆ ಮೆಲ್ಲನೆ ಬಿಡಬೇಕು. ಗುರಿನೋಟವನ್ನು ಮೇಲೆಕೆಳಗೆ ಸರಿಪಡಿಸುವಂತಿರಬೇಕು. ಏಕೆಂದರೆ ಗುಂಡು ನೇರವಾಗಿ ಹೋಗದೆ ಭೂಮಿಯ ಸೆಳೆತಕ್ಕೆ ಸಿಕ್ಕಿ ೨೫ ಮೀಟರಿನಲ್ಲಿ ಸುಮಾರು ೩ ಸೆಂಟಿಮೀಟರ್, ೫೦ ಮೀಟರಿನಲ್ಲಿ ಸುಮಾರು ೧೨ ಸೆಂಟಿಮೀಟರ್ ಇಳಿಯುತ್ತದೆ. ದೂರ ಇಮ್ಮಡಿಯಾದರೆ ಇಳಿತ ನಾಲ್ಮಡಿ!

ಇನ್ನು ಅಪಾಯದ ಮಾತು. ಮೇಲ್ಮುಖವಾಗಿ ಹಾರಿದ ೦.೨೨ರ ಗುಂಡು ಒಂದು ಮೈಲಿಯಷ್ಟು ದೂರ ಹೋಗಬಲ್ಲದು. ಬಿನ್ನಿಪೇಟೆಯ ತಾರಸಿಯಿಂದ ಹಾರಿಸಿದ್ದು ಚಾಮರಾಜಪೇಟೆಯ ಬೀದಿಯಲ್ಲಾಗಲಿ, ನಗರದ ರೈಲುನಿಲ್ದಾಣದಲ್ಲಾಗಲಿ ಬೀಳಬಹುದು. ಅಲ್ಲಿ ಅದು ಯಾರ ತಲೆಗೆ ಬಡಿಯುವುದೆಂದು ಹೇಳಬಲ್ಲವರಾರು? ಹಿಂದೆ ಮಣ್ಣಿನ ದಿಬ್ಬವಿರುವ, ಮೇಲ್ವಿಚಾರಕರಿರುವ ಮೈದಾನದ ಹೊರಗೆ ಇದಕ್ಕೆ ಎಡೆಯಿಲ್ಲ. ೧೯೫೯ರ ಶಸ್ತ್ರ ಕಾಯಿದೆಯಂತೆ ಇದಕ್ಕೆ ಲೈಸೆನ್ಸು ಬೇಕು. ಇಪ್ಪತ್ತೊಂದು ತುಂಬದವರಿಗೆ ಲೈಸೆನ್ಸು ದೊರೆಯದು. ಆದರೆ ಹಿರಿಯರ ಮೇಲ್ವಿಚಾರಣೆಯಲ್ಲಿ ಕಿರಿಯರು ತರಬೇತಿ ಪಡೆಯಲು ಕಾನೂನಿನಲ್ಲಿ ಅವಕಾಶವುಂಟು.

ಇದಕ್ಕಿಂತಲೂ ಅಗ್ಗವಾದುದು ೪.೫ ಮಿಲಿಮೀಟರಿನ ಗಾಳಿ ರೈಫಲ್ಲು. ೨೦೧೬ರ ನಿಯಮಗಳಂತೆ ಅದರ ಗುಂಡಿನ ಶಕ್ತಿ ೨೦ ಜೂಲ್ ಮೀರದಿದ್ದರೆ ಲೈಸೆನ್ಸು ಬೇಡ. ಕಣ್ಣನ್ನು ಕುರುಡಾಗಿಸುವ ಬಲ ಅದಕ್ಕೂ ಉಂಟೆಂಬುದನ್ನು ಮರೆಯಬಾರದು. ಇದನ್ನು ಕೀಳೆಂದು ಬಗೆಯುವುದೂ ತಪ್ಪು. ೨೦೦೮ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಅವರು ಚಿನ್ನ ಗೆದ್ದುದು ಹತ್ತು ಮೀಟರಿನ ಗಾಳಿ ರೈಫಲ್ಲಿನಲ್ಲಿ. ೨೦೨೪ರ ಪ್ಯಾರಿಸ್ಸಿನಲ್ಲಿ ಸ್ವಪ್ನಿಲ್ ಕುಸಾಲೆ ಅವರು ಐವತ್ತು ಮೀಟರಿನ ಸ್ಪರ್ಧೆಯಲ್ಲಿ ಕಂಚು ಗೆದ್ದುದು ನಮ್ಮ ಈ ೦.೨೨ರಿಂದಲೇ.

ಆದುದರಿಂದ ಮೊದಲು ಗಾಳಿ ರೈಫಲ್ಲಿನಿಂದ ನಿಲುವು, ಉಸಿರು, ಬೆರಳುಗಳ ಶಿಸ್ತನ್ನು ಕಲಿತು, ಬಳಿಕ ಮೈದಾನದಲ್ಲಿ ೦.೨೨ನ್ನು ಹಿಡಿಯುವುದೇ ಉಚಿತವಾದ ಕ್ರಮ. ರೈಫಲ್ಲನ್ನು ಆರಿಸುವವರು ‘ಬೆಲೆಯೆಷ್ಟು?’ ಎಂದು ಕೇಳುವುದಕ್ಕೆ ಮುಂಚೆ, ‘ಗುರಿ ತಪ್ಪಿದ ಗುಂಡು ಎಲ್ಲಿ ನಿಲ್ಲುತ್ತದೆ?’ ಎಂದು ಕೇಳಿಕೊಳ್ಳಬೇಕು.