ಅಪ್ಪನ ಬಯೊನೆಟ್ ಮನೆಗೆಲಸಕ್ಕೆ ಬಂದೀತೇ?

ಪ್ರಶ್ನೆ: ಸೈನ್ಯದಲ್ಲಿದ್ದ ತಂದೆಯವರ ಟ್ರಂಕಿನಲ್ಲಿ ಹಳೆಯ ಬಯೊನೆಟ್ ಸಿಕ್ಕಿದೆ. ಸಾಣೆ ಹಿಡಿಸಿ ತೆಂಗಿನಕಾಯಿ ಸುಲಿಯಲು, ಗಿಡ ಸವರಲು ಬಳಸಬಹುದೇ?
– ಓದುಗರು, ಮತ್ತಿಕೆರೆ

ವಕೀಲರ ಉತ್ತರ: ಬೇಡ. ಬಯೊನೆಟ್ ತಿವಿಯಲು ಮಾಡಿದ್ದು. ಅಲಗು ಕಿರಿದು, ನಡುಭಾಗ ದಪ್ಪ; ಎಷ್ಟು ಮಸೆದರೂ ಚಾಕುವಿನಷ್ಟು ಹರಿತ ಬರುವುದು ಕಷ್ಟ. ಮಚ್ಚಿನ ತೂಕವೂ ಇಲ್ಲ. ಬಂದೂಕಿನ ನಳಿಕೆಗೆ ಸಿಕ್ಕಿಸುವ ಬಳೆ ಹಿಡಿಯ ಬಳಿಯೇ ಇದ್ದು ಬೆರಳಿಗೆ ಒತ್ತುತ್ತದೆ.

ಕಾನೂನನ್ನೂ ಗಮನಿಸಿ. 2016ರ ಶಸ್ತ್ರಾಸ್ತ್ರ ನಿಯಮಗಳ ಮೊದಲ ಅನುಸೂಚಿಯಲ್ಲಿ ಕತ್ತಿ, ಬಾಕುಗಳ ಸಾಲಿನಲ್ಲೇ ಬಯೊನೆಟ್ ಹೆಸರಿದೆ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಿದ್ದರೆ ಅದು ಆಯುಧ. ಮನೆಗೆಲಸ, ಕೃಷಿಗೆಂದೇ ತಯಾರಾದ ಮಚ್ಚು, ಕುಡುಗೋಲಿಗೆ ವಿನಾಯಿತಿಯಿದೆ. ನೀವು ಕಾಯಿ ಸುಲಿದ ಮಾತ್ರಕ್ಕೆ ಬಯೊನೆಟ್ಟಿಗೆ ಅದು ಸಿಗದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಇಂಥವನ್ನು ಇಟ್ಟುಕೊಳ್ಳಲೂ ಪರವಾನಗಿ ಬೇಕು.

ಈಗ ಹೀಗೆ ಮಾಡಿ:

1. ಅಲಗನ್ನು ಅಳೆದು, ಅದರ ಮೇಲಿನ ಗುರುತು, ಸಂಖ್ಯೆಗಳ ಫೋಟೊ ತೆಗೆದುಕೊಳ್ಳಿ. ಉಜ್ಜಿ ಅಳಿಸಬೇಡಿ.
2. ರೆಜಿಮೆಂಟ್ ಕೊಟ್ಟ ನೆನಪಿನ ಕಾಣಿಕೆಯೇ? ಸೇವಾ ದಾಖಲೆಗಳಲ್ಲಿ ಪತ್ರ ಹುಡುಕಿ.
3. ಪತ್ರ ಸಿಗದಿದ್ದರೆ ಸರ್ಕಾರಿ ಸ್ವತ್ತೆಂಬ ಪ್ರಶ್ನೆ ಏಳಬಹುದು. ಮೊದಲು ವಕೀಲರನ್ನು ಕಂಡು, ಅವರ ಮೂಲಕ ಪೊಲೀಸ್ ಕಮಿಷನರ್ ಕಚೇರಿಯ ಶಸ್ತ್ರ ಪರವಾನಗಿ ವಿಭಾಗದಲ್ಲಿ ವಿಚಾರಿಸಿ.
4. ಅಲ್ಲಿಯವರೆಗೆ ಬೀಗ ಹಾಕಿಡಿ. ಸ್ಕೂಟರಿನಲ್ಲಿ ಒಯ್ಯುವುದು, ಮಾರುವುದು ಬೇಡ.

ಕಾಯಿ ಸುಲಿಯಲು, ಗಿಡ ಸವರಲು ಕೆ.ಆರ್. ಮಾರುಕಟ್ಟೆ ಕಡೆಯಿಂದ ಒಳ್ಳೆಯ ಮಚ್ಚೊಂದನ್ನು ತನ್ನಿ. ಬಯೊನೆಟ್ ಉಳಿಸಿಕೊಳ್ಳುವುದಾದರೆ ಅಪ್ಪನ ನೆನಪಾಗಿ ಉಳಿಸಿಕೊಳ್ಳಿ, ಅದೂ ಕಾಗದಪತ್ರ ಸರಿಯಿದ್ದರೆ ಮಾತ್ರ.