ಹುಲ್ಲೂ ಅಲ್ಲ, ಮರವೂ ಅಲ್ಲ: ಹುಲ್ಲುಮರ

ಮಕ್ಕಳೇ, ಬಿದಿರು ಮರವೋ ಹುಲ್ಲೋ ಎಂದು ಕೇಳಿದರೆ ನಿಮ್ಮಲ್ಲಿ ಹೆಚ್ಚಿನವರು ಮರ ಎನ್ನುತ್ತೀರಿ. ಆದರೆ ರಾಗಿ, ಭತ್ತ, ಕಬ್ಬುಗಳಂತೆ ಬಿದಿರೂ ಹುಲ್ಲಿನ ಕುಟುಂಬದ್ದು. ಇದಕ್ಕೆ ತದ್ವಿರುದ್ಧವಾದ ಒಂದು ಗಿಡ ಆಸ್ಟ್ರೇಲಿಯಾದಲ್ಲಿದೆ. ಇಂಗ್ಲಿಷಿನಲ್ಲಿ ಅದು ‘ಗ್ರಾಸ್ ಟ್ರೀ’. ಹೆಸರಿನಲ್ಲಿ ಹುಲ್ಲಿದ್ದರೂ ಅದು ಹುಲ್ಲಲ್ಲ. ನಮ್ಮ ಹಿತ್ತಲಿನ ಲೋಳೆಸರದ ದೂರದ ನೆಂಟ! ನಾವು ಅದನ್ನು ಹುಲ್ಲುಮರ ಎಂದು ಕರೆಯೋಣ.

ರೂಪ ಮತ್ತು ಬೆಳವಣಿಗೆ

ಸಿಡ್ನಿ ನಗರದ ಸುತ್ತಲಿನ ಮರಳುಗಲ್ಲಿನ ಒಣ ಕುರುಚಲು ಕಾಡುಗಳಲ್ಲಿ ಹುಲ್ಲುಮರದ ಕೆಲವು ಜಾತಿಗಳು ಬೆಳೆಯುತ್ತವೆ. ಕೆದರಿದ ಕೂದಲಿನಂತೆ ಉದ್ದನೆಯ ತೆಳು ಎಲೆಗಳು, ಅವುಗಳ ನಡುವಿನಿಂದ ಈಟಿಯಂತೆ ಎದ್ದು ನಿಲ್ಲುವ ಹೂಗೊಂಚಲು. ನಮ್ಮ ಬ್ಲೇಕಿಂಗೆಯ ಓಕ್ ಮರದಲ್ಲಿರುವಂತಹ ವರ್ಷದ ಉಂಗುರಗಳು ಇದರ ಕಾಂಡದಲ್ಲಿಲ್ಲ. ಹಳೆಯ ಎಲೆಗಳ ಬುಡಗಳೇ ಅಂಟಿನಿಂದ ಬೆಸೆದುಕೊಂಡು ಕಾಂಡದ ಹೊರಕವಚವಾಗುತ್ತವೆ. ಹಲವು ಜಾತಿಗಳ ಕಾಂಡ ವರ್ಷಕ್ಕೆ ಬೆಳೆಯುವುದು ಕೇವಲ 1–2 ಸೆಂ.ಮೀ. ಎಂದರೆ ಒಂದು ಮೀಟರ್ ಆಗಲು 50ರಿಂದ 100 ವರ್ಷ!

ಕಾಡ್ಗಿಚ್ಚು ಬಂದಾಗ ಎಲೆಗಳು ಸುಟ್ಟುಹೋಗುತ್ತವೆ. ಒಳಗಿನ ಮೊಗ್ಗನ್ನು ಈ ಕವಚ ಕಾಪಾಡುತ್ತದೆ. ಸ್ವಲ್ಪ ದಿನಗಳಲ್ಲೇ ಹಸಿರು ಚಿಗುರುತ್ತದೆ, ಆಮೇಲೆ ಹೂ ಹೇರಳವಾಗಿ ಬಿಡುತ್ತದೆ. ಬೆಂಕಿಗೆ ಹೆದರದ ಈ ಗಿಡವನ್ನು ಮಣ್ಣಿನಲ್ಲಿ ಅಡಗಿರುವ, ಕಣ್ಣಿಗೆ ಕಾಣದ ಒಂದು ರೋಗಾಣು ಕೊಲ್ಲುತ್ತದೆ. ಮಲೆನಾಡಿನ ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರದ ಬಳಗವೇ ಅದು. ಚಪ್ಪಲಿ, ಬೂಟುಗಳ ಕೆಸರಿನಲ್ಲೂ ಅದು ಹರಡುವುದರಿಂದ, ಅಲ್ಲಿನ ಕೆಲವು ಕಾಡುಗಳಲ್ಲಿ ಬೂಟು ಉಜ್ಜಿ ತೊಳೆದೇ ಒಳಗೆ ಹೋಗಬೇಕು.

ಸ್ವೀಡನ್ನಿನ ನಂಟು

ಬ್ಲೇಕಿಂಗೆಯ ನೆರೆಯ ಸ್ಮೋಲಾಂಡ್‌ನಲ್ಲಿ 1707ರಲ್ಲಿ ಹುಟ್ಟಿದ ಲಿನೇಯಸ್ ಅವರು ಗಿಡಗಳಿಗೆ ಎರಡು ಪದಗಳ ಹೆಸರಿಡುವ ಕ್ರಮವನ್ನು ರೂಢಿಗೆ ತಂದರು. ಅವರ ಶಿಷ್ಯ ದಾನಿಯೆಲ್ ಸೊಲಾಂಡರ್ 1770ರಲ್ಲಿ ಕುಕ್ ಅವರ ಹಡಗಿನಲ್ಲಿ ಆಸ್ಟ್ರೇಲಿಯಾ ತಲುಪಿ ಗಿಡಗಳನ್ನು ಸಂಗ್ರಹಿಸಿದರು. ಹುಲ್ಲುಮರದ ಕುಲಕ್ಕೆ ‘ಕ್ಸಾಂತೊರಿಯ’ ಎಂಬ ಹೆಸರು ಸೊಲಾಂಡರ್ ಅವರದೇ. 1798ರಲ್ಲಿ ಜೇಮ್ಸ್ ಎಡ್ವರ್ಡ್ ಸ್ಮಿತ್ ಅದನ್ನು ಪ್ರಕಟಿಸಿದರು. ಗ್ರೀಕಿನಲ್ಲಿ ಇದರ ಅರ್ಥ ‘ಹಳದಿ ಹರಿವು’. ಗಿಡದಿಂದ ಒಸರುವ ಅಂಟನ್ನು ಇದು ಸೂಚಿಸುತ್ತದೆ.

ಹಾಗೆಂದು ಅಲ್ಲಿಯವರೆಗೆ ಅದು ಹೆಸರಿಲ್ಲದ ಗಿಡವಾಗಿರಲಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ ನೂಂಗಾರ್ ಜನರು ತಮ್ಮ ಕಡೆಯ ಹುಲ್ಲುಮರವನ್ನು ‘ಬಲ್ಗ’ ಎನ್ನುತ್ತಾರೆ. ಆಸ್ಟ್ರೇಲಿಯಾದ ಮೂಲನಿವಾಸಿಗಳು ಅದರ ಅಂಟಿನಿಂದ ಈಟಿಗೆ ಮೊನೆ ಕೂಡಿಸುತ್ತಿದ್ದರು, ಹೂವನ್ನು ನೀರಿನಲ್ಲಿ ನೆನೆಸಿ ಸಿಹಿ ಪಾನಕ ಮಾಡುತ್ತಿದ್ದರು. ಗಿಡದ ಗುಣವನ್ನು ಮೊದಲು ಅರಿತವರು ಅವರೇ.

ಪಾಲಕರಲ್ಲಿ ಒಂದು ಮಾತು. ಕಾರ್ಲ್‌ಸ್ಕ್ರೂನಾದ ನಮ್ಮ ಮಕ್ಕಳು ಲೋಳೆಸರವನ್ನು ‘ಆಲೋವೆರಾ’ ಎಂದು ಬಲ್ಲರು. ಸುಟ್ಟ ಗಾಯಕ್ಕೆ ಅಜ್ಜಿ ಅದನ್ನು ಹಚ್ಚುತ್ತಿದ್ದುದು ಅವರಿಗೆ ತಿಳಿಯದು. ಕನ್ನಡದ ಹೆಸರಿನ ಜೊತೆಗೆ ಆ ಕಥೆಯನ್ನೂ ಹೇಳಿ.

ಅಭ್ಯಾಸ
1. ಬಿದಿರಿಗೂ ಹುಲ್ಲುಮರಕ್ಕೂ ಇರುವ ವ್ಯತ್ಯಾಸವೇನು?
2. ಕಾಡ್ಗಿಚ್ಚಿನಲ್ಲಿ ಹುಲ್ಲುಮರ ಹೇಗೆ ಉಳಿಯುತ್ತದೆ?
3. ಮನೆಯ ಹಿರಿಯರನ್ನು ಕೇಳಿ ಐದು ಗಿಡಗಳ ಕನ್ನಡ ಹೆಸರು, ಉಪಯೋಗಗಳನ್ನು ಬರೆಯಿರಿ.